ಸಭೆಯಲ್ಲಿ ಕೊಡಲಾಗದ ಉತ್ತರ

ಆಟಿಸಂ ಕುರಿತ ಆ ಸಭೆಯಲ್ಲಿ ನಾನು ಹತ್ತು ನಿಮಿಷ ಮಾತಾಡಿದೆ. ಬರೆದುಕೊಂಡು ಹೋದದ್ದನ್ನು ಓದಿದೆ. ಆಮೇಲೆ ಆಕ್ಷೇಪಗಳು ಒಂದರ ಮೇಲೊಂದು ಬಂದವು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ನನ್ನ ಕಿವಿಗೆ ಅದು ಬರೀ ಸದ್ದು. ಫ್ಯಾನಿನ ಕಿರಕಿರಿಯೂ ಅದರಲ್ಲಿ ಬೆರೆತುಹೋಗುತ್ತದೆ. ನಾಲಗೆ ಏಳಲಿಲ್ಲ, ಕೂತುಬಿಟ್ಟೆ. ಉತ್ತರವಿಲ್ಲದೆ ಸುಮ್ಮನಾದಳು ಎಂದು ಯಾರೂ ತಿಳಿಯಬಾರದು. ಅದಕ್ಕೇ ಈ ಬರಹ.

"ಇಷ್ಟು ಚೆನ್ನಾಗಿ ಮಾತಾಡ್ತೀರ, ನಿಮಗೆಲ್ಲಿಯ ಆಟಿಸಂ? ನನ್ನ ಮಗನಿಗೆ ಹನ್ನೆರಡು ವರ್ಷ, ಇನ್ನೂ ಅಮ್ಮ ಅಂತ ಕರೆದಿಲ್ಲ. ಅವನ ಪರ ಮಾತಾಡೋಕೆ ನೀವ್ಯಾರು?" ಎಂದರು ಒಬ್ಬ ತಾಯಿ. ಅಮ್ಮಾ, ನಿಮ್ಮ ಮಾತಿನಲ್ಲಿ ಅರ್ಧ ನಾನು ಒಪ್ಪುತ್ತೇನೆ. ನೀವು ನಿದ್ದೆಗೆಟ್ಟ ರಾತ್ರಿಗಳ ಲೆಕ್ಕ ನನಗೆ ಗೊತ್ತಿಲ್ಲ. ಆದರೆ ಮಾತು ಬಂದವರಿಗೆ ಆಟಿಸಂ ಇಲ್ಲ ಎನ್ನುವುದು ಸರಿಯಲ್ಲ. 1943ರಲ್ಲಿ ಲಿಯೊ ಕ್ಯಾನರ್ ವಿವರಿಸಿದ 11 ಮಕ್ಕಳಲ್ಲಿ 8 ಮಕ್ಕಳಿಗೆ ಮಾತು ಬಂದಿತ್ತು. ಆ ಮಾತನ್ನು ಅವರು ಬಳಸುತ್ತಿದ್ದ ಬಗೆ ಬೇರೆಯಾಗಿತ್ತು, ಅಷ್ಟೇ. ನಿಮ್ಮ ಮಗನ ಬದಲಿಗೆ ನಾನು ಮಾತಾಡುತ್ತಿಲ್ಲ. ಕುಕ್ಕರ್ ಕೂಗಿದೊಡನೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದವಳು ನಾನು. ಆ ಹೊತ್ತಿನಲ್ಲಿ ಒಳಗೆ ಏನಾಗುತ್ತದೆ ಎಂಬುದನ್ನಾದರೂ ನಾನು ಹೇಳಬಲ್ಲೆ. ಹಟವಲ್ಲ ಅದು. ನೋವು.

ಆ ಹುಡುಗನಿಗೆ ಟ್ಯಾಬ್ ಕೊಡಬೇಡಿ, ಚಿತ್ರಕ್ಕೆ ಬೆರಳಿಟ್ಟು ತೋರಿಸುವುದು ರೂಢಿಯಾದರೆ ಮಾತು ಬರುವುದೇ ಇಲ್ಲ ಎಂದು ಪಕ್ಕದವರು ಎಚ್ಚರಿಸಿದರು. ಈ ಹೆದರಿಕೆಗೆ ಆಧಾರವಿಲ್ಲ. ಚಿತ್ರದ ಕಾರ್ಡು, ಟ್ಯಾಬ್ ಬಳಸಿದ್ದರಿಂದ ಮಕ್ಕಳ ಮಾತು ಕುಂಠಿತವಾಗುತ್ತದೆಯೇ ಎಂದು ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ್ದಾರೆ. ಹಾಗೆ ಕಂಡುಬಂದಿಲ್ಲ, ಕೆಲವರಿಗೆ ಮಾತು ಕೊಂಚ ಹೆಚ್ಚಿದ್ದೂ ಇದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂವಹನ ಎಂದರೇನು ಎಂದು ಹೇಳುವಾಗ ಬ್ರೈಲ್, ಸನ್ನೆ ಭಾಷೆಗಳ ಜೊತೆಗೆ ಇಂಥ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ. ಮಗು 'ನೀರು' ಎಂಬ ಚಿತ್ರ ಒತ್ತಿದರೆ ಅದು ಮಾತಾಡಿದೆ ಎಂದೇ ಅರ್ಥ. ನೀರು ಕೊಡಿ. ಬಾಯಲ್ಲಿ ಹೇಳುವವರೆಗೂ ಲೋಟ ಹಿಂದೆ ಹಿಡಿಯಬೇಡಿ.

ನನ್ನನ್ನು ಹೆಚ್ಚು ಕಾಡಿದ್ದು ನಿವೃತ್ತ ಮೇಷ್ಟ್ರೊಬ್ಬರ ಮಾತು: "ಇವರಿಗೆ ಇನ್ನೊಬ್ಬರ ಮನಸ್ಸು ತಿಳಿಯಲ್ಲ. ಸಾಬೀತಾಗಿರೋ ವಿಷಯ." ಅವರ ಮನಸ್ಸಿನಲ್ಲಿದ್ದುದು 1985ರ ಗೊಂಬೆ ಪರೀಕ್ಷೆ ಇರಬೇಕು. ಸ್ಯಾಲಿ ಎಂಬ ಗೊಂಬೆ ಇಲ್ಲದಾಗ ಅದರ ಗೋಲಿಯನ್ನು ಬೇರೆಡೆ ಇಡುತ್ತಾರೆ. ಮರಳಿ ಬಂದ ಸ್ಯಾಲಿ ಎಲ್ಲಿ ಹುಡುಕುತ್ತದೆ ಎಂದು ಕೇಳುತ್ತಾರೆ. ಸ್ಯಾಲಿಗೆ ಅದು ಗೊತ್ತಿಲ್ಲ, ಹಾಗಾಗಿ ಮೊದಲಿದ್ದ ಜಾಗದಲ್ಲೇ ಎನ್ನಬೇಕು. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ತಪ್ಪಿದರು. ಉಳಿದ ನಾಲ್ವರು ಸರಿಯಾಗಿಯೇ ಹೇಳಿದರಲ್ಲ ಮೇಷ್ಟ್ರೇ, ಆ ನಾಲ್ವರನ್ನು ಎಲ್ಲಿ ಬಿಟ್ಟಿರಿ?

ಸ್ವತಃ ಆಟಿಸ್ಟಿಕ್ ಆಗಿರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಈ ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು: ನಮಗೆ ನೀವು ಅರ್ಥವಾಗದಿದ್ದರೆ, ನಿಮಗೆ ನಾವು ಅರ್ಥವಾಗಿದ್ದೇವೆಯೇ? 2020ರಲ್ಲಿ ಬೇರೆ ಸಂಶೋಧಕರು ಎಂಟೆಂಟು ಜನರ ಸಾಲು ಮಾಡಿ ಒಂದು ಕಥೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ನೋಡಿದರು. ಆಟಿಸಂ ಇದ್ದವರದೇ ಸಾಲಿನಲ್ಲಿ ಕಥೆ ಇತರರ ಸಾಲಿನಷ್ಟೇ ಉಳಿಯಿತು. ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ ಹೆಚ್ಚು ಸೋರಿತು. ಮುಂದೆ ಹೆಚ್ಚು ಜನರೊಡನೆ ಮಾಡಿದಾಗ ಬೆರಕೆ ಸಾಲಿನ ಈ ಸೋರಿಕೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆಗಲೂ ನಮ್ಮವರ ಸಾಲು ಹಿಂದೆ ಬೀಳಲಿಲ್ಲ.

ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ಎಂಟು ವರ್ಷದವಳಿದ್ದಾಗ "ಭಾನುವಾರ ಬರ್ತೀರಾ ಮಾವ?" ಎಂದು ಕೇಳಿದೆ. "ನೋಡೋಣ ಪುಟ್ಟಿ" ಎಂದರು. ಭಾನುವಾರ ಬೆಳಗ್ಗೆಯಿಂದ ಕತ್ತಲಾಗುವ ತನಕ ಗೇಟು ಹಿಡಿದು ನಿಂತೆ. ಕಂಬಿಯ ತುಕ್ಕು ಅಂಗೈಗೆಲ್ಲ ಹತ್ತಿತ್ತು. ನಮ್ಮಲ್ಲಿ 'ನೋಡೋಣ' ಎಂದರೆ ಬಹುಮಟ್ಟಿಗೆ 'ಇಲ್ಲ' ಎಂದು ತಿಳಿಯಲು ನನಗೆ ವರ್ಷಗಳು ಹಿಡಿದವು. ಕಲಿತೆ. ಆದರೆ ನಾನು 'ಬರಲ್ಲ' ಎಂದಾಗ ಅದರಲ್ಲಿ ಸಿಟ್ಟಿಲ್ಲ, ಸೆಡವಿಲ್ಲ, ಬರುವುದಿಲ್ಲ ಎಂದಷ್ಟೇ ಅರ್ಥ ಎಂದು ಕಲಿತುಕೊಂಡ ನೆಂಟರು ಬಹಳ ಕಡಿಮೆ. ತಪ್ಪಾಗಿ ತಿಳಿದವರು ಎರಡೂ ಕಡೆ ಇದ್ದೆವು, ತಿದ್ದಿಕೊಳ್ಳಬೇಕಾದವಳು ನಾನೊಬ್ಬಳೇ ಆದೆ.

ನನಗೊಬ್ಬ ಗೆಳೆಯನಿದ್ದಾನೆ, ಅವನೂ ಆಟಿಸ್ಟಿಕ್. ಲಾಲ್‌ಬಾಗಿನ ಕೆರೆಯ ಕಡೆ ಮುಖ ಮಾಡಿ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲು ಹಾದಿಯ 57 ಸುರಂಗಗಳ ಬಗ್ಗೆ ಅವನು ಹೇಳುತ್ತಾನೆ; ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಬಗೆಯನ್ನು ನಾನು ಹೇಳುತ್ತೇನೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹೋದ ವರ್ಷ ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ಅವನು ಬಂದು ಸಮಾಧಾನದ ಒಂದು ಮಾತೂ ಆಡದೆ ಮೂರು ಗಂಟೆ ಪಕ್ಕದಲ್ಲಿ ಕೂತಿದ್ದ. ಕಾರಿಡಾರಿನ ಲೈಟು ಮಿಟುಕುತ್ತಿತ್ತು; ತನ್ನ ಟೋಪಿ ತೆಗೆದು ನನ್ನ ಕೈಗಿಟ್ಟ. ಆ ಬೆಳಕು ನನಗೆ ಚುಚ್ಚುತ್ತಿದೆ ಎಂದು ಅಲ್ಲಿದ್ದ ಅಷ್ಟು ಜನರಲ್ಲಿ ಅವನೊಬ್ಬನಿಗೇ ಹೊಳೆದಿತ್ತು.

ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಮಕ್ಕಳಿಗೆ ಕಲಿಸಲೇಬೇಕು ಎಂಬ ಮಾತೂ ಬಂತು. ಕಣ್ಣು ನೋಡುತ್ತ ಕೂತರೆ ನನಗೆ ಮಾತು ಕೇಳಿಸುವುದಿಲ್ಲ. ನಿಮ್ಮ ಮಾತು ಬೇಕಾಗಿದ್ದಕ್ಕೇ ನಾನು ನೆಲ ನೋಡುವುದು. ಅಷ್ಟಕ್ಕೂ, ದೊಡ್ಡವರನ್ನು ದಿಟ್ಟಿಸಿ ನೋಡಬಾರದು ಎಂದು ಮಕ್ಕಳನ್ನು ಗದರಿಸಿದ ಮನೆಗಳಲ್ಲವೇ ನಮ್ಮವು?

"ಜಗತ್ತೇನು ನಿಮಗೋಸ್ಕರ ಬದಲಾಗುತ್ತಾ?" ಇದು ಕೊನೆಯ ಆಕ್ಷೇಪ. ಜಗತ್ತಿನ ವಿಷಯ ಇರಲಿ. ತಮ್ಮ ಮಗನ ಮದುವೆಗೆ ಮುಂಚೆ ನನ್ನ ಅತ್ತೆ ಫೋನ್ ಮಾಡಿದರು. "ಒಂಬತ್ತೂವರೆಗೆ ವಾಲಗ ಜೋರಾಗುತ್ತೆ, ಧಾರೆ ಆದ್ಮೇಲೆ ನಿಲ್ಲುತ್ತೆ. ಛತ್ರದ ಹಿಂದಿನ ರೂಮಿನ ಬೀಗದ ಕೈ ನೀನೇ ಇಟ್ಕೋ. ಊಟಕ್ಕೆ ಮೊದಲನೇ ಪಂಕ್ತೀಲಿ ಗೋಡೆ ಪಕ್ಕದ ಕೊನೇ ಎಲೆ ನಿಂದು, ಬಡಿಸೋರಿಗೆ ಹೇಳಿದೀನಿ." ಎರಡು ನಿಮಿಷದ ಫೋನು. ಅಕ್ಷತೆ ಹಾಕುವ ಹೊತ್ತಿಗೆ ನಾನು ಮಂಟಪದ ಹತ್ತಿರವೇ ನಿಂತಿದ್ದೆ, ಬೀಗದ ಕೈ ಮುಷ್ಟಿಯಲ್ಲಿತ್ತು. ಆ ರೂಮಿಗೆ ಹೋಗಬೇಕಾದದ್ದು ಒಂದೇ ಸಲ.