ಶೇಡರ್ ಕಡತವನ್ನು ಓದಬಾರದೇಕೆ?

ಗಣಕಯಂತ್ರದ ಮಾತು ಬಂದೊಡನೆ ಕಲಾವಿಭಾಗದ ನಾವು ಎರಡು ಹೆಜ್ಜೆ ಹಿಂದೆ ಸರಿಯುವುದು ವಾಡಿಕೆಯಾಗಿಬಿಟ್ಟಿದೆ. ಆಟಗಳನ್ನು ಆಡುತ್ತೇವೆ, ಅವುಗಳಲ್ಲಿ ಹರಿಯುವ ನೀರನ್ನೂ ಉರಿಯುವ ಬೆಂಕಿಯನ್ನೂ ಕಂಡು ತಲೆದೂಗುತ್ತೇವೆ, ಆ ನೀರು ಹೊಳೆಯುವುದು ಹೇಗೆಂಬ ಪ್ರಶ್ನೆಯನ್ನು ಮಾತ್ರ ಇಂಜಿನಿಯರಿಂಗ್ ಕಾಲೇಜಿನವರಿಗೆ ಬಿಟ್ಟುಕೊಟ್ಟು ಸುಮ್ಮನಾಗುತ್ತೇವೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆ ಹೊಳಪಿನ ಗುಟ್ಟು ಅಡಗಿರುವುದು ಶೇಡರ್ ಎಂಬ ಕಡತದಲ್ಲಿ. ಅದಾದರೋ ಬಹುಮಟ್ಟಿಗೆ ಅಕ್ಷರಗಳಲ್ಲಿ ಬರೆದಿಟ್ಟ ಬರೆಹ. ಬರೆಹವನ್ನು ಓದುವುದು ನಮ್ಮ ಕಸುಬಲ್ಲದೆ ಇನ್ನಾರದು?

ಚಿತ್ರ ಬಿಡಿಸುವ ಗ್ರಾಫಿಕ್ಸ್ ಯಂತ್ರಕ್ಕೆ ಕೊಡುವ ಪುಟ್ಟ ಆಜ್ಞಾಪತ್ರವೇ ಶೇಡರ್. ಆಟದೊಳಗಿನ ಗುಡ್ಡ, ಮನೆ, ಮನುಷ್ಯ ಎಲ್ಲವೂ ಈ ಯಂತ್ರಕ್ಕೆ ಸಾಮಾನ್ಯವಾಗಿ ತ್ರಿಕೋನಗಳ ರಾಶಿ. ತ್ರಿಕೋನದ ಮೂಲೆಗಳು ಪರದೆಯ ಮೇಲೆ ಎಲ್ಲಿ ಬೀಳಬೇಕೆಂದು ಹೇಳುವುದು ವರ್ಟೆಕ್ಸ್ ಶೇಡರ್. ಒಂದೊಂದು ಚುಕ್ಕಿಗೂ ಯಾವ ಬಣ್ಣವೆಂದು ತೀರ್ಮಾನಿಸುವುದು ಫ್ರಾಗ್ಮೆಂಟ್ ಶೇಡರ್. ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕಿಗಳಿರುವ ಪರದೆಯಲ್ಲಿ ಒಟ್ಟು 20,73,600 ಚುಕ್ಕಿಗಳು. ಸೆಕೆಂಡಿಗೆ 60 ಚಿತ್ರಗಳಾದರೆ 12 ಕೋಟಿಗೂ ಮಿಕ್ಕಿ ಬಣ್ಣದ ಲೆಕ್ಕ! ಒಂದೇ ಆಜ್ಞೆಯನ್ನು ಸಾವಿರಾರು ಚುಕ್ಕಿಗಳು ಏಕಕಾಲಕ್ಕೆ ಪಾಲಿಸುತ್ತವೆ. ಪಕ್ಕದ ಚುಕ್ಕಿ ಏನು ಬರೆಯುತ್ತಿದೆಯೆಂದು ಸಾಮಾನ್ಯವಾಗಿ ಇಣುಕುವುದಿಲ್ಲ. ನಮ್ಮ ಪರೀಕ್ಷಾ ಕೊಠಡಿಯಲ್ಲಿ ಇಂಥ ಶಿಸ್ತನ್ನು ಕಾಣುವುದು ಕಷ್ಟ.

ಇನ್ನು ಕಡತವನ್ನು ತೆರೆಯುವ ಮಾತು. ಅದರ ಮೇಲೆ ಎರಡು ಸಲ ಒತ್ತಿದರೆ, ಯಾವ ತಂತ್ರಾಂಶದಿಂದ ತೆರೆಯಲೆಂದು ಗಣಕಯಂತ್ರ ನಮ್ಮನ್ನೇ ಕೇಳುತ್ತದೆ. ಕೆಲವರು ಅಲ್ಲಿಗೇ ಕೈಬಿಡುತ್ತಾರೆ. ಇನ್ನು ಕೆಲವರು ಯಾವ ಕಡತವನ್ನಾದರೂ ತೆರೆದೇವೆಂದು ಕೊಚ್ಚಿಕೊಳ್ಳುವ ಅನಾಮಧೇಯ ತಂತ್ರಾಂಶವನ್ನು ಇಳಿಸಿಕೊಂಡು, ಇಲ್ಲದ ಉಪದ್ರವವನ್ನು ಮನೆಗೆ ಕರೆತರುತ್ತಾರೆ. ಇದಾವುದೂ ಬೇಡ, ನೋಟ್‌ಪ್ಯಾಡ್ ಸಾಕು. ಹೆಸರಿನ ಬಾಲದಲ್ಲಿ ವರ್ಟ್, ಫ್ರಾಗ್, ಜಿಎಲ್‌ಎಸ್‌ಎಲ್, ಎಚ್‌ಎಲ್‌ಎಸ್‌ಎಲ್ ಎಂದಿದ್ದರೆ ಒಳಗಿರುವುದು ಸಾಮಾನ್ಯವಾಗಿ ಸಾದಾ ಅಕ್ಷರಗಳೇ. ಆದರೆ ಬಾಲವನ್ನು ಪೂರ್ತಿ ನಂಬುವಂತಿಲ್ಲ. ‘ಶೇಡರ್’ ಎಂದೇ ಕೊನೆಗೊಳ್ಳುವ ಕಡತ ಯೂನಿಟಿಯಲ್ಲಿ ಒಂದು ಬಗೆ. 1999ರ ಕ್ವೇಕ್ 3 ಆಟದಲ್ಲಿ ಅದೇ ಬಾಲದ ಕಡತ ಗೋಡೆ ನೆಲಗಳ ಮೈಗುಣವನ್ನು ಪಟ್ಟಿಮಾಡುವ ಬೇರೆಯೇ ಬಗೆ. ತೆರೆದು ಓದಿದರಷ್ಟೇ ವ್ಯತ್ಯಾಸ ತಿಳಿದೀತು.

ಓದಿದರೆ ಸಿಗುವುದೇನು? ಫ್ರಾಗ್ಮೆಂಟ್ ಶೇಡರುಗಳಲ್ಲಿ ಮತ್ತೆ ಮತ್ತೆ ಕಾಣುವ ಸಾಲೊಂದಿದೆ: ಮೈಯ ದಿಕ್ಕು, ಬೆಳಕಿನ ದಿಕ್ಕು, ಇವೆರಡರ ಡಾಟ್ ಗುಣಲಬ್ಧ; ಅದು ಸೊನ್ನೆಗಿಂತ ಕಡಮೆಯಾದರೆ ಸೊನ್ನೆ. ನಡುಹಗಲ ಬಿಸಿಲು ಅಂಗಳಕ್ಕೆ ನೆಟ್ಟಗೆ ಬಿದ್ದಾಗ ಕಣ್ಣು ಕುಕ್ಕುವುದೂ, ಸಂಜೆ ಓರೆಯಾಗಿ ಬಿದ್ದಾಗ ಮಂಕಾಗುವುದೂ ಈ ಒಂದು ಸಾಲಿನಲ್ಲಿದೆ. ಇದು ಲ್ಯಾಂಬರ್ಟ್ ಎಂಬ ವಿದ್ವಾಂಸ 1760ರಲ್ಲಿ ಲ್ಯಾಟಿನ್ ಭಾಷೆಯ ತನ್ನ ಗ್ರಂಥದಲ್ಲಿ ವಿವರಿಸಿದ ನಿಯಮ. ಕೆಳಗೆ ಇನ್ನೊಂದು ಗುಣಲಬ್ಧವನ್ನು ದೊಡ್ಡ ಘಾತಕ್ಕೇರಿಸಿದ್ದರೆ ಅದು ಬಹುಶಃ ಹೊಳಪಿನ ಚುಕ್ಕೆ. ವಿಯೆಟ್ನಾಮಿನಲ್ಲಿ ಹುಟ್ಟಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಬುಯಿ ತುವೊಂಗ್ ಫೋಂಗ್ ಇದನ್ನು 1975ರಲ್ಲಿ ಪ್ರಕಟಿಸಿದ. ಅದೇ ವರ್ಷ ತೀರಿಕೊಂಡ. ಹತ್ತು ಸಾಲಿನ ಕಡತದಲ್ಲಿ ಎರಡು ಶತಮಾನಗಳ ವಿದ್ಯೆ ಕೂಡಿಕೊಂಡಿದೆ. ಹಳೆಯ ಶಾಸನದ ಒಂದೊಂದು ಪದಕ್ಕೂ ಅರ್ಥ ಹುಡುಕುವ ನಮಗೆ ಇದು ಪರಕೀಯವೆನಿಸಬೇಕಾಗಿಲ್ಲ. ಪ್ರಯೋಗ ಮಾಡಿನೋಡುವವರಿಗೆ 2013ರಿಂದ ಶೇಡರ್‌ಟಾಯ್ ಇದೆ: ಒಂದು ಮಗ್ಗುಲಲ್ಲಿ ಬರೆಹ, ಇನ್ನೊಂದು ಮಗ್ಗುಲಲ್ಲಿ ಚಿತ್ರ. ಒಂದು ಅಂಕಿ ಬದಲಾಯಿಸಿ ಮತ್ತೆ ನಡೆಸಿದರೆ ಚಿತ್ರವೇ ಬೇರೆ.

ತೆರೆದರೂ ಓದಲಾಗದ ಕಡತಗಳೂ ಉಂಟೆಂಬುದನ್ನು ಮರೆಮಾಚಲಾರೆ. ಮೂಲ ಬರೆಹವನ್ನು ಯಂತ್ರಕ್ಕೆ ಒಗ್ಗುವ ಸ್ಪಿರ್-ವಿಯಂಥ ರೂಪಕ್ಕೆ ತಿರುಗಿಸಿ ಕೊಟ್ಟಿದ್ದರೆ ನೋಟ್‌ಪ್ಯಾಡಿನಲ್ಲಿ ಕಾಣುವುದು ಬರಿಯ ಗೀಚು. ಅದನ್ನು ಬಿಡಿಸಿ ತೋರಿಸುವ ಸಾಧನಗಳಿವೆ. ಆದರೆ ಬರೆದವನು ಅಂಚಿನಲ್ಲಿ ಇಟ್ಟ ಟಿಪ್ಪಣಿಗಳು ಅಷ್ಟರಲ್ಲಿ ಅಳಿದಿರುತ್ತವೆ, ಅನೇಕ ವೇಳೆ ಆತ ಕೊಟ್ಟ ಹೆಸರುಗಳೂ. ವ್ಯಾಪಾರದ ಗುಟ್ಟು ಕಾಯಬೇಕೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಮಾರಾಟದ ಭರಾಟೆ ಮುಗಿದ ಮೇಲಾದರೂ ಮೂಲವನ್ನು ಹೊರಗಿಡಲು ಅಡ್ಡಿಯೇನು? ಕ್ವೇಕ್ 3ರ ಮೂಲವನ್ನು ಅದರ ಒಡೆಯರು 2005ರಲ್ಲಿ ಬಹಿರಂಗಪಡಿಸಿದರು; ಆಕಾಶವೇನೂ ಕಳಚಿ ಬೀಳಲಿಲ್ಲ. ಹೀಗೆ ಮಾಡದಿದ್ದರೆ ನಮ್ಮ ಕಾಲದ ಚಿತ್ರಕಲೆಯ ಒಂದು ಪಾಲು ಮುಂದಿನವರಿಗೆ ನೋಡಲು ಉಳಿದೀತು, ಓದಲು ಉಳಿಯದು.

ಅಧ್ಯಾಪಕರಲ್ಲಿ ನನ್ನದೊಂದು ವಿಜ್ಞಾಪನೆ. ಕಾಲೇಜಿನ ಗಣಕ ಕೊಠಡಿಯಲ್ಲಿ ಕಲಾವಿಭಾಗದವರಿಗೂ ವಾರಕ್ಕೊಂದು ಗಂಟೆ ದೊರಕಲಿ. ಮೊದಲ ದಿನಕ್ಕೆ ಲ್ಯಾಂಬರ್ಟನ ಆ ಒಂದು ಸಾಲು ಸಾಕು. ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.