ಎಂಜಿನ್ನಿನ ಸದ್ದಿಗೆ ಕಿವಿಗೊಡೋಣ

ಕಾರಿನ ಎಂಜಿನ್ನಿನಿಂದ ಹಿಂದೆಂದೂ ಕೇಳದ ಸದ್ದೊಂದು ಹೊರಟಾಗ ನಮ್ಮ ಜನರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು, “ಹಳೆಯ ಗಾಡಿ, ಸದ್ದು ಮಾಡದೆ ಇದ್ದೀತೆ?” ಎಂದು ಉದಾಸೀನರಾಗುತ್ತಾರೆ. ಮತ್ತೆ ಕೆಲವರು ಗಾಬರಿಗೊಂಡು, ಯಾರೋ ಹೇಳಿದ ಭಾಗವನ್ನು ಕಿತ್ತು ಹೊಸದನ್ನು ಹಾಕಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಈ ಎರಡು ದಾರಿಗಳೂ ವಿಜ್ಞಾನದ ದಾರಿಗಳಲ್ಲವೆಂದು ನಾವು ಭಾವಿಸುತ್ತೇವೆ. ಸದ್ದು ಒಂದು ಸಾಕ್ಷಿ. ಸಾಕ್ಷಿಯನ್ನು ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವಲ್ಲ.

ನಮ್ಮ ಅನುಭವವನ್ನೇ ಹೇಳುತ್ತೇವೆ. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಗೆ ಹೊರಟಿದ್ದಾಗ, ನಮ್ಮ ಹಳೆಯ ಪೆಟ್ರೋಲ್ ಕಾರು ಬೆಳಗಿನ ಚಳಿಯಲ್ಲಿ ‘ಟಿಕ್, ಟಿಕ್’ ಎಂದು ಸದ್ದು ಮಾಡತೊಡಗಿತು. ದಾರಿಯ ಪಟ್ಟಣವೊಂದರ ದುರಸ್ತಿ ಅಂಗಡಿಯಲ್ಲಿ, ಕವಾಟಗಳು ಸವೆದಿವೆ, ಎಂಜಿನ್ನಿನ ತಲೆಯನ್ನು ಬಿಚ್ಚಲೇಬೇಕು ಎಂದರು. ಅಷ್ಟು ಹೊತ್ತಿಗೆ ಎಂಜಿನ್ನು ಬಿಸಿಯಾಗಿ ಸದ್ದು ಅಡಗಿತ್ತು. ನಾವು ಮುಂದೆ ನಡೆದೆವು. ಚಿಗಟೇರಿಯಲ್ಲಿ ಟ್ರಾಕ್ಟರುಗಳನ್ನೂ ಪಂಪಿನ ಎಂಜಿನ್ನುಗಳನ್ನೂ ದುರಸ್ತಿ ಮಾಡುವ ಕುಶಲಿಯೊಬ್ಬರು ಕಾರನ್ನು ಮುಟ್ಟುವುದಕ್ಕೆ ಮುಂಚೆ ಪ್ರಶ್ನೆಗಳನ್ನು ಕೇಳಿದರು: ಸದ್ದು ತಣ್ಣಗಿರುವಾಗ ಬರುವುದೇ, ಬಿಸಿಯಾದ ಮೇಲೆ ಬರುವುದೇ? ಏರಿನಲ್ಲಿ ಹೆಚ್ಚುವುದೇ? ಗಾಡಿ ನಿಂತಿರುವಾಗಲೂ ಇರುವುದೇ? ಆಮೇಲೆ, “ರಾತ್ರಿ ತಣ್ಣಗಾಗಲಿ, ಬೆಳಿಗ್ಗೆ ಕೇಳೋಣ” ಎಂದರು.

ಮರುದಿನ ಮೊದಲು ನೋಡಿದ್ದು ಲಯವನ್ನು. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಮುಖ್ಯ ದಂಡವು ಎರಡು ಸುತ್ತು ಸುತ್ತುವಷ್ಟರಲ್ಲಿ ಪ್ರತಿಯೊಂದು ಕವಾಟವೂ ಒಂದು ಸಲ ಮಾತ್ರ ತೆರೆದು ಮುಚ್ಚುತ್ತದೆ. ಎಂಜಿನ್ನು ನಿಮಿಷಕ್ಕೆ 720 ಸುತ್ತು ತಿರುಗುತ್ತಿದ್ದರೆ, ಸೆಕೆಂಡಿಗೆ ದಂಡದ್ದು 12 ಸುತ್ತು. ಒಂದು ಕವಾಟದ ಬಡಿತ 6 ಮಾತ್ರ. ಕಿವಿಯು ಇವನ್ನು ಎಣಿಸಲಾರದು ನಿಜ. ಆದರೆ ಒಂದು ಲಯ ಇನ್ನೊಂದರ ಅರ್ಧವೆಂಬುದನ್ನು ಅಭ್ಯಾಸವುಳ್ಳ ಕಿವಿ ಗುರುತಿಸಬಲ್ಲದು. ನಮ್ಮ ಕಾರಿನದು ನಿಧಾನದ ಲಯ. ಹಾಗಾದರೆ ಪಟ್ಟಣದವರ ಊಹೆ ಆಧಾರವಿಲ್ಲದ್ದಲ್ಲ. ಆದರೆ ಒಂದು ಸಿಲಿಂಡರಿನಿಂದ ಉರಿದ ಅನಿಲ ಹೊರಬೀಳುವುದೂ ಎರಡು ಸುತ್ತಿಗೆ ಒಂದು ಸಲವೇ! ಅನಿಲ ಹೋಗುವ ಕೊಳವೆಯ ಬೆಸುಗೆಯಲ್ಲಿ ಸಂದು ಬಿದ್ದಿದ್ದರೂ ಇದೇ ಲಯ ಕೇಳಿಬರಬೇಕು. ಆರೋಪಿಗಳು ಇಬ್ಬರಾದರು, ಅವರನ್ನು ಬೇರ್ಪಡಿಸುವ ಪರೀಕ್ಷೆಯೊಂದು ಬೇಕಾಯಿತು.

ಆ ಪರೀಕ್ಷೆಗೆ ಬಳಸಿದ ಉಪಕರಣಗಳು ಉದ್ದನೆಯ ಕಬ್ಬಿಣದ ಸಲಾಕಿ ಮತ್ತು ರಬ್ಬರಿನ ಕೊಳವೆಯ ತುಂಡು, ಇಷ್ಟೆ. ಲೋಹದ ಕಂಪನವನ್ನು ಸಲಾಕಿಯು ಕಿವಿಗೆ ಮುಟ್ಟಿಸುತ್ತದೆ. ಗಾಳಿಯಲ್ಲಿ ಬರುವ ಸದ್ದನ್ನು ಕೊಳವೆ ಮುಟ್ಟಿಸುತ್ತದೆ. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್, ಸುರುಳಿ ಸುತ್ತಿದ ಕಾಗದದ ಮೂಲಕ ರೋಗಿಯ ಎದೆಯ ಸದ್ದನ್ನು ಆಲಿಸಿ ಸ್ಟೆತಾಸ್ಕೋಪಿಗೆ ನಾಂದಿ ಹಾಡಿದುದು ಇಲ್ಲಿ ನೆನಪಾಗುತ್ತದೆ. ಸಲಾಕಿಯನ್ನು ಕವಾಟಗಳ ಮುಚ್ಚಳದ ಮೇಲೆ ಇಟ್ಟಾಗ ‘ಟಿಕ್’ ಸದ್ದು ಹೆಚ್ಚಲಿಲ್ಲ. ಕೊಳವೆಯ ತುದಿಯನ್ನು ಅನಿಲ ಹೊರಡುವ ಬೆಸುಗೆಯ ಬಳಿಗೆ ಒಯ್ದಾಗ ಅದು ಸ್ಫುಟವಾಗಿ ಕೇಳಿಸಿತು. ದೀಪ ಹಿಡಿದು ನೋಡಿದರೆ ಅಲ್ಲಿ ಮಸಿಯ ಗೆರೆ! ಬಿಸಿಯಾದಾಗ ಲೋಹ ಹಿಗ್ಗಿ ಸಂದು ಮುಚ್ಚುತ್ತಿದ್ದುದರಿಂದಲೇ ಸದ್ದು ಅಡಗುತ್ತಿತ್ತು. ಒಂದು ಗ್ಯಾಸ್ಕೆಟ್ಟಿನ ಬದಲಾವಣೆಯಿಂದ ಕೆಲಸ ಮುಗಿಯಿತು. ಎಂಜಿನ್ನಿನ ತಲೆ ಬಿಚ್ಚುವುದು ತಪ್ಪಿತು.

ಉಳಿದುದು ಹಣವಷ್ಟೇ ಅಲ್ಲ. ಅಂಥ ಸಂದಿನಿಂದ ಹೊರಬರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣವೂ ವಾಸನೆಯೂ ಇಲ್ಲದ ಈ ವಿಷಾನಿಲ ಕಾರಿನೊಳಗೆ ಸೇರಿದರೆ ಕುಳಿತವರ ಪ್ರಾಣಕ್ಕೇ ಅಪಾಯ. ಕವಾಟಗಳನ್ನು ಬದಲಾಯಿಸಿ, ಸಂದನ್ನು ಹಾಗೆಯೇ ಬಿಟ್ಟು, ಅಳಿದುಳಿದ ಸದ್ದನ್ನು ಹಳೆಯ ಗಾಡಿಯ ಸ್ವಭಾವವೆಂದು ಸಮಾಧಾನಪಟ್ಟುಕೊಂಡಿದ್ದರೆ ಏನಾಗುತ್ತಿತ್ತೋ! ಎಲ್ಲ ಸದ್ದೂ ಹೀಗೆ ಸಾವಧಾನದ ವಿಚಾರಣೆಗೆ ಅವಕಾಶ ಕೊಡುವುದೂ ಇಲ್ಲ. ಎಂಜಿನ್ನಿನ ಒಡಲಿನಿಂದ ದಪ್ಪನೆಯ ಬಡಿತ ಕೇಳಿ, ಜೊತೆಗೆ ಎಣ್ಣೆಯ ಒತ್ತಡದ ಕೆಂಪು ದೀಪ ಹೊತ್ತಿಕೊಂಡರೆ, ಸುರಕ್ಷಿತವಾದ ಕಡೆ ನಿಲ್ಲಿಸಿ ಎಂಜಿನ್ನನ್ನು ಕೂಡಲೇ ಆರಿಸಬೇಕು. ಕಾರಣವನ್ನು ಆಮೇಲೆ ಹುಡುಕಬಹುದು.

ಸದ್ದು ನಿಂತ ಮಾತ್ರಕ್ಕೆ ದೋಷ ಪರಿಹಾರವಾಯಿತೆಂದು ತಿಳಿಯುವುದೂ ತಪ್ಪು. ಪೆಟ್ರೋಲು ಸಿಲಿಂಡರಿನಲ್ಲಿ ಕ್ರಮ ತಪ್ಪಿ ಉರಿದಾಗ ಹೊರಡುವ ಬಡಿತವನ್ನು ತಡೆಯಲು, 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿದನು. ಬಡಿತವೇನೋ ಅಡಗಿತು, ಆದರೆ ಸೀಸವು ಹೊಗೆಯೊಡನೆ ಹೊರಬಂದು ಊರೂರುಗಳ ಗಾಳಿಯನ್ನು ಸೇರಿತು, ಮಕ್ಕಳ ಮಿದುಳಿಗೂ ಕೇಡು ತಂದಿತು. ಭಾರತದಲ್ಲಿ ಅದು 2000ದಲ್ಲಿ ನಿಂತಿತು. ಕಾರುಗಳ ಪಾಲಿಗೆ ಜಗತ್ತಿನಲ್ಲೆಲ್ಲ ಅದು ಕೊನೆಗೊಂಡುದು 2021ರಲ್ಲಿ. ಒಂದು ಸದ್ದನ್ನು ಅಡಗಿಸಿದ್ದಕ್ಕೆ ಮನುಷ್ಯರು ನೂರು ವರ್ಷ ಬೆಲೆ ತೆತ್ತರು.

ಇಂದಿನ ಕಾರುಗಳಲ್ಲಿ ಆ ಬಡಿತವನ್ನು ಗ್ರಹಿಸುವ ವಿದ್ಯುತ್ ಕಿವಿಗಳಿವೆ, ದೋಷದ ಸಂಕೇತಗಳನ್ನು ಓದುವ ಯಂತ್ರಗಳಿವೆ. ಇನ್ನು ಮನುಷ್ಯನ ಕಿವಿಯೇಕೆ ಎಂದು ನೀವು ಕೇಳಬಹುದು. ಆ ಉಪಕರಣಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಉಪಕರಣವು ತನ್ನನ್ನು ಯಾವ ಪ್ರಶ್ನೆಗಾಗಿ ಮಾಡಿದರೋ ಅದಕ್ಕೆ ಮಾತ್ರ ಉತ್ತರ ಕೊಡುತ್ತದೆ. ನಮ್ಮ ಕಾರಿನ ಸಂದಿಗಾಗಿ ಯಾವ ದೀಪವೂ ಹೊತ್ತಲಿಲ್ಲ. ಪ್ರಶ್ನೆ ಕೇಳಬೇಕಾದವನು ಮನುಷ್ಯನೇ.

ಆದುದರಿಂದ ವಿದ್ಯಾರ್ಥಿಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಪ್ರಯೋಗಶಾಲೆಯಲ್ಲಿ ಶ್ರುತಿಕವೆಯ ಕಂಪನವನ್ನು ಅಳೆದವರು, ಬೀದಿಯ ದುರಸ್ತಿ ಅಂಗಡಿಗೂ ಒಮ್ಮೆ ಹೋಗಿ ಆಲಿಸಿ. ತಿರುಗುವ ಪಟ್ಟಿ, ಬೀಸಣಿಗೆ, ಕಾದ ಕೊಳವೆಗಳಿಂದ ಮಾತ್ರ ದೂರವಿರಿ. ಬಲ್ಲವರ ಜೊತೆಯಿಲ್ಲದೆ ಸಲಾಕಿ ಹಿಡಿಯಬೇಡಿ. ಚಿಗಟೇರಿಯ ಆ ಕುಶಲಿ ವಿಜ್ಞಾನದ ಪಾಠವನ್ನು ಕಾಲೇಜಿನಲ್ಲಿ ಕಲಿತವರಲ್ಲ. ಆದರೂ ನೋಡುವುದು, ಊಹಿಸುವುದು, ಊಹೆಯನ್ನು ಪರೀಕ್ಷಿಸುವುದು, ಆಮೇಲೆ ನಿರ್ಧರಿಸುವುದು ಎಂಬ ಕ್ರಮದಲ್ಲಿ ಅವರು ಒಂದು ಮೆಟ್ಟಿಲನ್ನೂ ಬಿಡಲಿಲ್ಲ. ಅಂಥವರ ಅನುಭವವೂ ನಿಮ್ಮ ಪುಸ್ತಕದ ಜ್ಞಾನವೂ ಕೂಡಿದರೆ ನಾಡಿಗೆ ಲಾಭ. ಚಿಗಟೇರಿಯು ನಾರದಮುನಿಯ ಗುಡಿಯಿಂದ ಹೆಸರಾದ ಊರು. ವೀಣೆ ಹಿಡಿದ ಮುನಿಯ ಊರಿನಲ್ಲಿ ನಮಗೆ ದೊರೆತ ಪಾಠವೂ ಆಲಿಸುವುದೇ ಆಯಿತು.