ಟೈರಿಗೂ ವಯಸ್ಸಾಗುತ್ತದೆ: ಗ್ರಿಪ್ ಚೆನ್ನಾಗಿದ್ದರೂ ಹಳೆಯ ಟೈರ್ ಸಿಡಿಯುವುದೇಕೆ?

ಬೇಸಿಗೆ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಿಗೆ ಒಂದು ಸಂದೇಶ ತಪ್ಪದೇ ಬರುತ್ತದೆ. ಹೆದ್ದಾರಿಯಲ್ಲಿ ಪಲ್ಟಿಯಾದ ಕಾರಿನ ಫೋಟೊ, ಅದರ ಕೆಳಗೆ ಮೂರು ಮಾತು. ಟೈರಿಗೆ ಎಕ್ಸ್‌ಪೈರಿ ಡೇಟ್ ಇದೆ, ತಯಾರಾದ ನಾಲ್ಕು ವರ್ಷಕ್ಕೆ ಅದು ಮುಗಿಯುತ್ತದೆ. ಬಿಸಿಲಿಗೆ ಗಾಳಿ ಹಿಗ್ಗಿ ಟೈರ್ ಸಿಡಿಯುತ್ತದೆ, ಆದ್ದರಿಂದ ಗಾಳಿ ಕಡಿಮೆ ಹಾಕಿಸಿ. ಇಲ್ಲವೇ ನೈಟ್ರೋಜನ್ ತುಂಬಿಸಿ, ಆಮೇಲೆ ಸಿಡಿಯುವ ಭಯವೇ ಇಲ್ಲ. ಕೊನೆಗೆ ‘ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಯಬಹುದು’ ಎಂಬ ಕೋರಿಕೆ.

ಈ ಸಂದೇಶವನ್ನು ಪೂರ್ತಿ ಸುಳ್ಳು ಎಂದು ನಾವು ತಳ್ಳಿಹಾಕುವುದಿಲ್ಲ. ಮೊದಲನೆಯದು ಅರ್ಧ ನಿಜ. ಮೂರನೆಯದು ಉತ್ಪ್ರೇಕ್ಷೆ. ಎರಡನೆಯದನ್ನು ನಂಬಿ ಹೆದ್ದಾರಿಗೆ ಇಳಿದರೆ ಮಾತ್ರ ನಿಜಕ್ಕೂ ಜೀವಕ್ಕೆ ಕುತ್ತು.

ಮನೆಯ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಹಳೆಯ ಕಾಗದದ ಕಟ್ಟೊಂದನ್ನು ತೆಗೆದು ನೋಡಿ. ಅದಕ್ಕೆ ಸುತ್ತಿದ ರಬ್ಬರ್ ಬ್ಯಾಂಡ್ ಎಳೆದ ಕೂಡಲೇ ಪಟಕ್ಕನೆ ತುಂಡಾಗುತ್ತದೆ. ಕೆಲವು ಕಡೆ ಅಂಟಂಟಾಗಿ ಕಾಗದಕ್ಕೇ ಮೆತ್ತಿಕೊಂಡಿರುತ್ತದೆ. ಅದನ್ನು ಯಾರೂ ಬಳಸಿಲ್ಲ, ಸವೆಸಿಲ್ಲ. ಸುಮ್ಮನೆ ಇದ್ದಲ್ಲೇ ಹಾಳಾಯಿತು. ಟೈರಿನ ಕಥೆಯೂ ಇದೇ, ನಿಧಾನವಾಗಿ ನಡೆಯುತ್ತದೆ ಅಷ್ಟೇ.

ರಬ್ಬರ್ ಎಂದರೆ ಶ್ಯಾವಿಗೆಯಂತೆ ಒಂದಕ್ಕೊಂದು ತೊಡರಿಕೊಂಡಿರುವ ಉದ್ದುದ್ದ ಅಣು ಸರಪಳಿಗಳು. ಹಾಗೆಯೇ ಬಿಟ್ಟರೆ ಅದು ಸೆಕೆಗೆ ಕರಗಿ ಅಂಟಾಗುತ್ತದೆ, ಚಳಿಗೆ ಬಿರುಸಾಗಿ ಒಡೆಯುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿದಾಗ ಈ ಸಮಸ್ಯೆ ಬಗೆಹರಿಯಿತು. ಗಂಧಕವು ಸರಪಳಿಗಳ ನಡುವೆ ಅಲ್ಲಲ್ಲಿ ಸೇತುವೆ ಕಟ್ಟುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಇದನ್ನೇ ವಲ್ಕನೈಸೇಶನ್ ಎನ್ನುತ್ತಾರೆ. ಆದರೆ ಕಾರ್ಖಾನೆಯಿಂದ ಹೊರಬಂದ ಮೇಲೂ ಈ ರಸಾಯನ ಕ್ರಿಯೆ ಪೂರ್ತಿ ನಿಲ್ಲುವುದಿಲ್ಲ. ಗಾಳಿಯ ಆಮ್ಲಜನಕ ಸೇರಿಕೊಂಡು ಕೆಲವು ಕಡೆ ಸರಪಳಿಯನ್ನೇ ಕತ್ತರಿಸುತ್ತದೆ, ಇನ್ನು ಕೆಲವು ಕಡೆ ಬೇಡದ ಹೊಸ ಸೇತುವೆಗಳನ್ನು ಕಟ್ಟುತ್ತದೆ. ಸೇತುವೆ ಹೆಚ್ಚಾದಷ್ಟೂ ರಬ್ಬರ್ ಗಟ್ಟಿಯಾಗಿ ಬಳುಕುವ ಗುಣ ಕಳೆದುಕೊಳ್ಳುತ್ತದೆ. ಸೆಕೆ ಏರಿದಂತೆ ಇದರ ವೇಗವೂ ಏರುತ್ತದೆ. ಇಂಥ ಕ್ರಿಯೆಗಳು 10 ಡಿಗ್ರಿ ಸೆಲ್ಸಿಯಸ್ ಹೆಚ್ಚಾದಾಗ ಸುಮಾರು ಎರಡು ಪಟ್ಟು ವೇಗವಾಗುತ್ತವೆ ಎಂಬುದು ರಸಾಯನಶಾಸ್ತ್ರದ ಒಂದು ಅಂದಾಜು ಲೆಕ್ಕ.

ಹೊರಮೈಯಲ್ಲಿ ಇನ್ನೊಬ್ಬ ಶತ್ರು ಇದ್ದಾನೆ, ಓಝೋನ್. ಹಳೆಯ ಟೈರಿನ ಪಕ್ಕದಲ್ಲಿ ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕು ಕಾಣುತ್ತದಲ್ಲ, ಅದು ಹೆಚ್ಚಾಗಿ ಇವನದೇ ಕೆಲಸ. ಇದನ್ನು ತಡೆಯಲು ಟೈರಿನೊಳಗೆ ಮೇಣ ಮತ್ತು 6ಪಿಪಿಡಿ ಎಂಬಂಥ ರಾಸಾಯನಿಕ ಬೆರೆಸಿರುತ್ತಾರೆ. ಗಾಡಿ ಓಡಿ ಟೈರ್ ಬಳುಕಿದಾಗ ಇವು ಮೇಲಕ್ಕೆ ಬಂದು ಹೊದಿಕೆಯಾಗುತ್ತವೆ. (ಇದೇ 6ಪಿಪಿಡಿ ಓಝೋನ್ ಜೊತೆ ಸೇರಿ ಹುಟ್ಟುವ ವಸ್ತು ಮಳೆನೀರಿನಲ್ಲಿ ಹರಿದುಹೋಗಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಕೊಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆ ಎಂದು ವಿಜ್ಞಾನಿಗಳು 2020ರಲ್ಲಿ ಕಂಡುಕೊಂಡರು. ಅದನ್ನು ಇನ್ನೊಮ್ಮೆ ಬರೆಯುತ್ತೇವೆ.) ನಿಂತೇ ಇರುವ ಗಾಡಿಯಲ್ಲಿ ಈ ಹೊದಿಕೆ ಸರಿಯಾಗಿ ಹೊಸದಾಗುವುದಿಲ್ಲ. ‘ನಮ್ಮ ಕಾರು ಜಾಸ್ತಿ ಓಡೇ ಇಲ್ಲ, ಟೈರ್ ಹೊಸದರ ಹಾಗೇ ಇದೆ’ ಎನ್ನುವವರು ಇದನ್ನು ಗಮನಿಸಬೇಕು.

ಹೊರಗಿನ ಬಿರುಕು ಕಣ್ಣಿಗಾದರೂ ಕಾಣುತ್ತದೆ. ಅಪಾಯ ಹೆಚ್ಚು ಇರುವುದು ಕಾಣದ ಜಾಗದಲ್ಲಿ. ಕಾರಿನ ರೇಡಿಯಲ್ ಟೈರಿನಲ್ಲಿ ಗ್ರಿಪ್‌ನ ಕೆಳಗೆ ಉಕ್ಕಿನ ತಂತಿಗಳ ಎರಡು ಪಟ್ಟಿಗಳು ಒಂದರ ಮೇಲೊಂದು ಇರುತ್ತವೆ, ನಡುವೆ ತೆಳ್ಳನೆಯ ರಬ್ಬರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಮಾನ್ಯ ಕಾರಿನ ಚಕ್ರ ನಿಮಿಷಕ್ಕೆ ಸುಮಾರು 700 ಸುತ್ತು ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಈ ಪಟ್ಟಿಗಳ ಅಂಚಿನ ರಬ್ಬರ್ ಒಮ್ಮೆ ಜಗ್ಗಿ ಬಿಡುತ್ತದೆ. ಟೈರಿನೊಳಗೆ ಒತ್ತಿ ತುಂಬಿದ ಗಾಳಿಯ ಆಮ್ಲಜನಕವೂ ಒಳಪದರ ದಾಟಿ ಸ್ವಲ್ಪ ಸ್ವಲ್ಪವೇ ಇಲ್ಲಿಗೇ ಬಂದು ಸೇರುತ್ತದೆ. ವರ್ಷಗಳು ಕಳೆದಂತೆ ಆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಎರಡು ಪಟ್ಟಿಗಳ ನಡುವೆ ಒಳಒಳಗೇ ಹರಡುತ್ತದೆ. ಒಂದು ದಿನ, ಬಿಸಿಲು ಮತ್ತು ವೇಗ ಎರಡೂ ಸೇರಿದಾಗ, ಮೇಲಿನ ಪಟ್ಟಿ ಗ್ರಿಪ್ ಸಮೇತ ಸಿಪ್ಪೆಯಂತೆ ಕಿತ್ತುಬರುತ್ತದೆ. ಹಿಂದಿನ ದಿನ ಪಂಕ್ಚರ್ ಅಂಗಡಿಯವರು ನೋಡಿ ‘ಗ್ರಿಪ್ ಚೆನ್ನಾಗಿದೆ ಸಾರ್, ಇನ್ನೂ ಇಪ್ಪತ್ತು ಸಾವಿರ ಓಡುತ್ತೆ’ ಎಂದಿದ್ದರೆ ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಕಂಡದ್ದು ಅಷ್ಟೇ.

ಇಂಗ್ಲೆಂಡಿನಲ್ಲಿ 2012ರ ಸೆಪ್ಟೆಂಬರಿನಲ್ಲಿ ಆದದ್ದೂ ಇಂಥದೇ. ಐಲ್ ಆಫ್ ವೈಟ್ ದ್ವೀಪದ ಸಂಗೀತೋತ್ಸವ ಮುಗಿಸಿಕೊಂಡು ಯುವಜನರು ಲಿವರ್‌ಪೂಲ್‌ಗೆ ಬಸ್ಸಿನಲ್ಲಿ ಮರಳುತ್ತಿದ್ದರು. ಸರ್ರಿಯ ಹೆದ್ದಾರಿಯಲ್ಲಿ ಮುಂದಿನ ಟೈರ್ ಸಿಡಿದು ಬಸ್ಸು ರಸ್ತೆ ಬಿಟ್ಟು ಮರಕ್ಕೆ ಗುದ್ದಿತು. ಚಾಲಕ ಮತ್ತು ಇಬ್ಬರು ಪ್ರಯಾಣಿಕರು ತೀರಿಕೊಂಡರು. ತನಿಖೆಯಲ್ಲಿ ಆ ಟೈರಿನ ವಯಸ್ಸು ಹತ್ತೊಂಬತ್ತೂವರೆ ವರ್ಷ ಎಂದು ತಿಳಿಯಿತು. ಸತ್ತ ಹುಡುಗರಲ್ಲಿ ಒಬ್ಬನಿಗೆ 18. ಅವನಿಗಿಂತ ಅವನ ಬಸ್ಸಿನ ಟೈರಿಗೇ ವಯಸ್ಸಾಗಿತ್ತು. ಆದರೂ ಅದನ್ನು ಓಡಿಸಿದ್ದು ಆಗಿನ ಕಾನೂನಿಗೆ ವಿರುದ್ಧವಾಗಿರಲಿಲ್ಲ, ಏಕೆಂದರೆ ಕಾನೂನು ಗ್ರಿಪ್ಪಿನ ಆಳ ಕೇಳುತ್ತಿತ್ತೇ ಹೊರತು ಟೈರಿನ ವಯಸ್ಸನ್ನಲ್ಲ. ಅವನ ತಾಯಿ ವರ್ಷಗಟ್ಟಲೆ ಹೋರಾಡಿದರು. 2021ರ ಫೆಬ್ರುವರಿ 1ರಿಂದ ಬಸ್ಸು, ಲಾರಿಗಳ ಮುಂದಿನ ಚಕ್ರಗಳಿಗೆ 10 ವರ್ಷ ದಾಟಿದ ಟೈರ್ ಹಾಕುವುದನ್ನು ಅಲ್ಲಿ ನಿಷೇಧಿಸಲಾಯಿತು.

ಸೆಕೆಯ ಪಾಲು ಎಷ್ಟೆಂಬುದಕ್ಕೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2007ರಲ್ಲಿ ಅಲ್ಲಿನ ಸಂಸತ್ತಿಗೆ ಕೊಟ್ಟ ವರದಿ ನೋಡಬೇಕು. ಒಂದು ದೊಡ್ಡ ವಿಮಾ ಕಂಪನಿಯ ಗ್ರಾಹಕರಲ್ಲಿ ಟೆಕ್ಸಸ್, ಕ್ಯಾಲಿಫೋರ್ನಿಯಾ, ಲೂಸಿಯಾನ, ಫ್ಲಾರಿಡಾ, ಅರಿಜೋನಾ ಎಂಬ ಐದು ಸೆಕೆಯ ರಾಜ್ಯಗಳವರು ಶೇ. 27 ಮಾತ್ರ. ಆದರೆ ಟೈರ್ ಸಂಬಂಧಿ ವಿಮಾ ದಾವೆಗಳಲ್ಲಿ ಶೇ. 77 ಈ ರಾಜ್ಯಗಳಿಂದಲೇ ಬಂದಿದ್ದವು. ಅವುಗಳಲ್ಲಿ ಶೇ. 84 ಆರು ವರ್ಷ ದಾಟಿದ ಟೈರುಗಳವು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನವರಿಗೆ ಈ ಅಂಕಿಗಳು ದೂರದವೆನಿಸಲಾರವು.

ಈಗ ಗಾಳಿಯ ಮಾತಿಗೆ ಬರೋಣ. ಬಿಸಿಯಾದರೆ ಗಾಳಿಯ ಒತ್ತಡ ಏರುತ್ತದೆ, ನಿಜ. ಎಷ್ಟು? 30 ಡಿಗ್ರಿಯಲ್ಲಿ 33 ಪಿಎಸ್‌ಐ ಹಾಕಿಸಿದ ಟೈರ್ ಓಡಿ ಓಡಿ 60 ಡಿಗ್ರಿ ಮುಟ್ಟಿತು ಎಂದುಕೊಳ್ಳಿ. ಒತ್ತಡ ಸುಮಾರು 38 ಆಗುತ್ತದೆ. ಕಾರಿನ ಟೈರಿನ ಪಕ್ಕದಲ್ಲಿ ಗರಿಷ್ಠ ಒತ್ತಡ ಎಂದು ಸಾಮಾನ್ಯವಾಗಿ 44 ಅಥವಾ 51 ಎಂದು ಅಚ್ಚಾಗಿರುತ್ತದೆ. ಒಳ್ಳೆಯ ಟೈರ್ ಈ ಐದು ಪಿಎಸ್‌ಐಗೆ ಸಿಡಿಯುವುದಿಲ್ಲ. ಕಂಪನಿಯವರು ಈ ಏರಿಕೆಯನ್ನು ಲೆಕ್ಕ ಹಾಕಿಯೇ, ಟೈರ್ ತಣ್ಣಗಿದ್ದಾಗ ಎಷ್ಟಿರಬೇಕು ಎಂದು ಚಾಲಕನ ಬಾಗಿಲ ಬಳಿ ಬರೆದಿರುತ್ತಾರೆ.

ಗಾಳಿ ಕಡಿಮೆ ಮಾಡಿದರೆ ಏನಾಗುತ್ತದೆ? ಟೈರಿನ ಪಕ್ಕ ಹೆಚ್ಚು ಮಡಚಿಕೊಳ್ಳುತ್ತದೆ. ತಂತಿಯೊಂದನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಬಗ್ಗಿದ ಜಾಗ ಕೈ ಸುಡುವಷ್ಟು ಬಿಸಿಯಾಗುವುದನ್ನು ನೀವು ನೋಡಿರುತ್ತೀರಿ. ಇಲ್ಲಿ ಅದೇ ಕೆಲಸ ನಿಮಿಷಕ್ಕೆ 700 ಸಲ. ಅಂದರೆ ಬಿಸಿ ತಪ್ಪಿಸಲು ಹೊರಟವರು ಬಿಸಿಯನ್ನೇ ಹೆಚ್ಚಿಸಿಕೊಳ್ಳುತ್ತಾರೆ. 2000ದಲ್ಲಿ ಅಮೆರಿಕದಲ್ಲಿ 65 ಲಕ್ಷ ಫೈರ್‌ಸ್ಟೋನ್ ಟೈರುಗಳನ್ನು ಹಿಂಪಡೆಯಲಾಯಿತು. ಅವುಗಳ ಮೇಲ್ಪದರ ಕಿತ್ತುಬಂದು ನಡೆದ ಅಪಘಾತಗಳಲ್ಲಿ 271 ಮಂದಿ ಸತ್ತಿದ್ದರು. ಆ ಪ್ರಕರಣದಲ್ಲಿ ಟೈರಿನ ವಿನ್ಯಾಸ, ಕಾರ್ಖಾನೆಯ ಲೋಪ ಎಂದು ಹಲವು ಕಾರಣಗಳ ಚರ್ಚೆಯಾಯಿತು. ಕಡಿಮೆ ಗಾಳಿ ಮತ್ತು ಸೆಕೆ ಆ ಪಟ್ಟಿಯಲ್ಲಿ ಪ್ರಮುಖವಾಗಿದ್ದವು. ಗಾಳಿ ಕಡಿಮೆಯಾದರೆ ಚಾಲಕನಿಗೆ ಎಚ್ಚರಿಸುವ ಸಾಧನ ಹೊಸ ಕಾರುಗಳಲ್ಲಿ ಅಲ್ಲಿ ಕಡ್ಡಾಯವಾದದ್ದು ಅದರ ನಂತರವೇ.

ನೈಟ್ರೋಜನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ಅದಿದೆ, ಬಿಸಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಒಳಗಿನ ಆಮ್ಲಜನಕ ಕಡಿಮೆಯಾಗುವುದರಿಂದ ಅಲ್ಪ ಲಾಭ ಉಂಟು. ಹಳತಾದ ಟೈರನ್ನು ಅದು ಹೊಸದು ಮಾಡದು.

ಹಾಗಾದರೆ ನಾಲ್ಕು ವರ್ಷದ ಎಕ್ಸ್‌ಪೈರಿ? ಹಾಲಿನ ಪ್ಯಾಕೆಟ್ಟಿನಂತೆ ಇಂಥ ದಿನಕ್ಕೆ ಕೆಟ್ಟಿತು ಎಂದು ಟೈರಿನ ಮೇಲೆ ಎಲ್ಲೂ ಬರೆದಿರುವುದಿಲ್ಲ. ಅಲ್ಲಿರುವುದು ತಯಾರಾದ ವಾರ ಮಾತ್ರ. ಕೆಲವು ವಾಹನ ಕಂಪನಿಗಳು ಆರು ವರ್ಷಕ್ಕೆ ಬದಲಿಸಿ ಎನ್ನುತ್ತವೆ. ಮಿಶೆಲಿನ್ ಐದು ವರ್ಷದ ನಂತರ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹತ್ತಾದ ಮೇಲೆ ಹೇಗೇ ಕಂಡರೂ ಬದಲಿಸಿ ಎನ್ನುತ್ತದೆ. ಸೆಕೆಯ ಊರು, ಬಿಸಿಲಲ್ಲೇ ನಿಲ್ಲುವ ಗಾಡಿ, ಆಗಾಗ ಹೆದ್ದಾರಿ ಪ್ರಯಾಣ, ಇಷ್ಟಿದ್ದರೆ ಆರಕ್ಕೇ ಬದಲಿಸುವುದು ಲೇಸು ಎಂಬುದು ನಮ್ಮ ಅಭಿಪ್ರಾಯ. ನಾಲ್ಕು ವರ್ಷದ ಚೆನ್ನಾಗಿರುವ ಟೈರನ್ನು ಫಾರ್ವರ್ಡ್ ನೋಡಿ ಬಿಸಾಡಬೇಕಿಲ್ಲ.

ವಾರ ಓದುವುದು ಸುಲಭ. ಟೈರಿನ ಪಕ್ಕದಲ್ಲಿ ‘ಡಾಟ್’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ, ಅಂದರೆ ಜೂನ್. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಎಷ್ಟೋ ಟೈರುಗಳಲ್ಲಿ ಈ ಸಂಖ್ಯೆ ಒಂದೇ ಬದಿಗೆ ಇರುತ್ತದೆ. ಆ ಬದಿ ಒಳಮುಖವಾಗಿದ್ದರೆ ಬಗ್ಗಿ, ಮೊಬೈಲ್ ಟಾರ್ಚ್ ಹಿಡಿದು ಹುಡುಕಬೇಕು. ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವವರು ಮೊದಲು ನೋಡಬೇಕಾದ್ದು ಇದನ್ನೇ. ಕಪ್ಪು ಪಾಲಿಶ್ ಬಳಿದರೆ ಬಿರುಕು ಮುಚ್ಚುತ್ತದೆ, ಈ ಅಂಕಿ ಅಳಿಯುವುದಿಲ್ಲ.

ಈ ಲೇಖನ ಬರೆಯುವಾಗ ನಮ್ಮಲ್ಲೊಬ್ಬರ ಕಾರಿನ ಟೈರುಗಳನ್ನು ಹೀಗೇ ನೋಡಿದೆವು. ಓಡುವ ನಾಲ್ಕೂ 2022ರವು. ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿದರೆ 0812. ಒಮ್ಮೆಯೂ ನೆಲ ಮುಟ್ಟಿಲ್ಲದ, ಮಿರಿಮಿರಿ ಮಿಂಚುವ, 2012ರ ಟೈರ್. ಅದರಲ್ಲಿ ಗಾಳಿಯೂ ಇರಲಿಲ್ಲ.